ಒಂದು ಜಾತ್ರೆಯಿಂದ ಇನ್ನೊಂದು ಜಾತ್ರೆಗೆ

ಜೂನ್ ಮೊದಲ ವಾರದಲ್ಲಿ ನಾನು ಹಲ್ಲಿಗೆ ಹಾಕುವ ತಂತಿ ಜನವರಿಯಲ್ಲಿ ಹಾಕುವ ತಂತಿಯಲ್ಲ. ಬಾಯಿ ಅದೇ, ಹಲ್ಲು ಅದೇ, ಓದಿದ ಪುಸ್ತಕವೂ ಅದೇ. ಆದರೆ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ ಹುಡುಗಿಯ ಮನೆ ದೇವಿಮನೆ ಘಟ್ಟದ ಮೇಲೋ ಕೆಳಗೋ, ಮನೆಗೂ ಬಸ್ಸು ನಿಲ್ಲುವ ಜಾಗಕ್ಕೂ ನಡುವೆ ಹಳ್ಳವಿದೆಯೋ, ಹಳ್ಳಕ್ಕೆ ಹಾಕಿದ ಕಾಲುಸಂಕ ಈ ಮಳೆಗೂ ಉಳಿಯುತ್ತದೆಯೋ ಎಂದು ಕೇಳಿಕೊಳ್ಳದೆ ಆ ದಿನಗಳಲ್ಲಿ ನಾನು ತಂತಿಯ ಡಬ್ಬಕ್ಕೆ ಕೈ ಹಾಕುವುದಿಲ್ಲ. ಐದು ವರ್ಷ ಬಿ.ಡಿ.ಎಸ್., ಅದರ ಮೇಲೆ ಮೂರು ವರ್ಷ ಎಂ.ಡಿ.ಎಸ್. ಓದಿದೆ. ಕಾಲುಸಂಕದ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬರಲಿಲ್ಲ.

ಶಿರಸಿಯಲ್ಲಿ ನನ್ನನ್ನು ಜನ ‘ಕ್ಲಿಪ್ ಹಾಕುವ ಡಾಕ್ಟರು’ ಎಂದು ಕರೆಯುತ್ತಾರೆ. ಆರ್ಥೊಡಾಂಟಿಸ್ಟ್ ಎಂಬ ಫಲಕದ ಶಬ್ದವನ್ನು ಪೂರ್ತಿ ಓದಿದವರು ಕಡಿಮೆ; ಓದಿದವರೂ ಒಳಗೆ ಬಂದು ಹಲ್ಲುನೋವಿಗೆ ಮಾತ್ರೆ ಕೇಳುತ್ತಾರೆ. ಮೊದಲ ದಿನ ಎಲ್ಲ ಅಪ್ಪ ಅಮ್ಮಂದಿರೂ ಕೇಳುವ ಪ್ರಶ್ನೆ ಒಂದೇ: ‘ಎಷ್ಟು ದಿನ ಬೇಕು ಡಾಕ್ಟರೇ?’ ಹದಿನೆಂಟರಿಂದ ಇಪ್ಪತ್ತನಾಲ್ಕು ತಿಂಗಳು ಎಂದು ನಾನು ಹೇಳುತ್ತಿದ್ದೆ. ಎದುರಿನ ಮುಖದಲ್ಲಿ ಏನೂ ಕದಲುತ್ತಿರಲಿಲ್ಲ. ಒಮ್ಮೆ ಹಿಂದೆ ನಿಂತು ಸಲಕರಣೆ ಜೋಡಿಸುತ್ತಿದ್ದ ನಮ್ಮ ಸಹಾಯಕಿ ತಲೆಯೆತ್ತದೆ ಹೇಳಿದರು: ‘ಈ ಜಾತ್ರೆಗೆ ಹಾಕಿಸಿದರೆ ಮುಂದಿನ ಜಾತ್ರೆಗೆ ತೆಗೆಯುತ್ತಾರೆ.’ ಆ ತಾಯಿಯ ಮುಖ ಅರಳಿತು. ಮಾರಿಕಾಂಬೆಯ ಜಾತ್ರೆ ಇಲ್ಲಿ ಎರಡು ವರ್ಷಕ್ಕೊಮ್ಮೆ. ಕಳೆದ ಜಾತ್ರೆಯಲ್ಲಿ ಮಗು ಎಷ್ಟೆತ್ತರ ಇತ್ತು, ಯಾವ ಅಂಗಿ ಹಾಕಿತ್ತು, ತೊಟ್ಟಿಲಲ್ಲಿ ಕೂತು ಎಷ್ಟು ಅತ್ತಿತು ಎಂಬುದೆಲ್ಲ ತಾಯಂದಿರಿಗೆ ನೆನಪಿರುತ್ತದೆ. ಇಪ್ಪತ್ತನಾಲ್ಕು ತಿಂಗಳು ಯಾರಿಗೂ ನೆನಪಿರುವುದಿಲ್ಲ. ಅಂದಿನಿಂದ ನಾನೂ ಜಾತ್ರೆಯ ಲೆಕ್ಕವನ್ನೇ ಹೇಳುತ್ತೇನೆ.

ಈ ಲೆಕ್ಕದಲ್ಲಿ ಒಂದು ಮೋಸವಿದೆ. ಜಾತ್ರೆ ತನ್ನ ಪಾಡಿಗೆ ತಾನು ಬರುತ್ತದೆ. ಹಲ್ಲು ಹಾಗೆ ಬರುವುದಿಲ್ಲ. ತಿಂಗಳಿಗೊಮ್ಮೆ ಬಂದು ಕುರ್ಚಿಯಲ್ಲಿ ಕೂತರೆ ಮಾತ್ರ ಬರುತ್ತದೆ.

ಯಾಕೆ ತಿಂಗಳು ಎಂದು ಹೇಳಬೇಕು. ಗೋಡೆಗೆ ಮೊಳೆ ಹೊಡೆದ ಹಾಗೆ ಹಲ್ಲು ದವಡೆಯಲ್ಲಿ ಕೂತಿಲ್ಲ. ಬೇರಿಗೂ ಎಲುಬಿಗೂ ನಡುವೆ ಸುಮಾರು ಕಾಲು ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ಹಲ್ಲನ್ನು ಹಗುರಾಗಿ ಒಂದು ಕಡೆ ಒತ್ತುತ್ತಾ ಇದ್ದರೆ, ಒತ್ತಿದ ಕಡೆ ಎಲುಬನ್ನು ಕರಗಿಸುವ ಜೀವಕೋಶಗಳು ಬಂದು ದಾರಿ ಬಿಡಿಸುತ್ತವೆ. ಹಿಂದೆ ಬಿಟ್ಟ ಜಾಗದಲ್ಲಿ ಎಲುಬು ಕಟ್ಟುವ ಜೀವಕೋಶಗಳು ಕೂತು ಹೊಸ ಎಲುಬು ತುಂಬುತ್ತವೆ. ಇಷ್ಟೆಲ್ಲ ಮಾಡಿ ಹಲ್ಲು ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಸರಿಯುತ್ತದೆ. ಅವಸರಪಟ್ಟು ಜೋರಾಗಿ ಒತ್ತಿದರೆ ಆ ನಾರಿನ ಪದರದಲ್ಲಿ ರಕ್ತ ಓಡುವುದು ನಿಲ್ಲುತ್ತದೆ, ಬಂದು ಕೆಲಸ ಮಾಡಬೇಕಾದ ಜೀವಕೋಶಗಳೇ ಬರುವುದಿಲ್ಲ, ಹಲ್ಲು ನಿಂತಲ್ಲೇ ನಿಲ್ಲುತ್ತದೆ, ನೋವು ಮಾತ್ರ ಹೆಚ್ಚು. ‘ಸ್ವಲ್ಪ ಬಿಗಿ ಮಾಡಿ ಡಾಕ್ಟರೇ, ಬೇಗ ಮುಗಿಯಲಿ’ ಎನ್ನುವ ಅಪ್ಪಂದಿರಿಗೆ ಇದನ್ನು ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ.

ಮೊದಲ ತಿಂಗಳುಗಳಲ್ಲಿ ಹಾಕುವುದು ನಿಕ್ಕಲ್ ಮತ್ತು ಟೈಟಾನಿಯಂ ಬೆರೆಸಿದ ತಂತಿ. 0.014 ಅಂಗುಲ ದಪ್ಪ, ಎಂದರೆ ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಎಷ್ಟು ಸೊಟ್ಟಗಿದ್ದ ಹಲ್ಲುಗಳ ನಡುವೆ ಎಷ್ಟು ಬಗ್ಗಿಸಿ ಕಟ್ಟಿದರೂ ತನ್ನ ಮೂಲ ಆಕಾರಕ್ಕೆ ಮರಳಲು ಮೆಲ್ಲಗೆ ಎಳೆಯುತ್ತಲೇ ಇರುತ್ತದೆ. ಅಮೆರಿಕದ ನೌಕಾಪಡೆಯ ಒಂದು ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಎಂಬ ಲೋಹತಜ್ಞರು ಕ್ಷಿಪಣಿಯ ಮೂತಿಗೆ ತಕ್ಕ ಲೋಹ ಹುಡುಕುವಾಗ ಸಿಕ್ಕಿದ ಮಿಶ್ರಲೋಹ ಇದು. ನಿಟಿನಾಲ್ ಎಂಬ ಅದರ ಹೆಸರಿನ ಬಾಲದಲ್ಲಿರುವುದು ಆ ಪ್ರಯೋಗಾಲಯದ ಮೊದಲಕ್ಷರಗಳೇ. 1970ರ ದಶಕದಲ್ಲಿ ಜಾರ್ಜ್ ಆಂಡ್ರಿಯಾಸನ್ ಅದನ್ನು ಹಲ್ಲಿಗೆ ತಂದರು. ಕಾರವಾರದಲ್ಲಿ ನೌಕಾನೆಲೆಯ ಮಕ್ಕಳಿಗೆ ಈ ಕತೆ ಹೇಳಿದರೆ ನೋವು ಅರ್ಧ ಮರೆಯುತ್ತಾರೆ. ಬಾಯಲ್ಲಿ ಕ್ಷಿಪಣಿಯ ತುಂಡು ಇದೆ ಎಂದು ಶಾಲೆಯಲ್ಲಿ ಹೇಳಿಕೊಂಡು ಬಂದವನೂ ಒಬ್ಬನಿದ್ದಾನೆ.

ಆ ತಂತಿಯ ಗುಣವೇ ಅದರ ಅಪಾಯ ಎಂದು ನನಗೆ ಕಲಿಸಿದವನು ಸಿದ್ದಾಪುರ ಕಡೆಯ ಒಬ್ಬ ಹುಡುಗ.

ಅವನ ಮೇಲಿನ ಹಲ್ಲುಗಳು ಕೆಳಗಿನವನ್ನು ಪೂರಾ ಮುಚ್ಚಿಬಿಡುತ್ತಿದ್ದವು. ಇಂಥವರಿಗೆ ಕೆಳಗಿನ ಸಾಲಿಗೆ ಉಲ್ಟಾ ಕಮಾನಿನ ನಿಕ್ಕಲ್ ಟೈಟಾನಿಯಂ ತಂತಿ ಹಾಕುವ ಕ್ರಮವಿದೆ. ಮುಂದಿನ ಹಲ್ಲುಗಳನ್ನು ದವಡೆಯ ಒಳಕ್ಕೆ ಇಳಿಸಿ, ಪಕ್ಕದವನ್ನು ಮೇಲೆತ್ತಿ ಕಚ್ಚುವಿಕೆಯನ್ನು ತೆರೆಯುತ್ತದೆ. ಒಳ್ಳೆಯ ತಂತಿ. ಆದರೆ ಸಾಕು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಸಾಕು ಎಂದು ಹೇಳಬೇಕಾದವನು ನಾನು, ನಾಲ್ಕೈದು ವಾರಕ್ಕೊಮ್ಮೆ ನೋಡಿ. ಹುಡುಗ ಜೂನ್‌ನಲ್ಲಿ ಆ ತಂತಿ ಹಾಕಿಸಿಕೊಂಡು ಹೋದ. ಜುಲೈಯಲ್ಲಿ ಬರಲಿಲ್ಲ, ಮಳೆ ಎಂದುಕೊಂಡೆ. ಚವತಿಗೆ ಬರಲಿಲ್ಲ, ಹಬ್ಬ ಎಂದುಕೊಂಡೆ. ದೀಪಾವಳಿಯೂ ಹೋಯಿತು. ಫೋನು ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ಏಳು ತಿಂಗಳ ಮೇಲೆ ಜನವರಿಯಲ್ಲಿ ತಾಯಿ ಮಗ ಬಂದು ಬಾಗಿಲ ಬಳಿ ನಿಂತರು. ಹುಡುಗ ಬಾಯಿ ಮುಚ್ಚಿದ್ದರೂ ತುಟಿಯ ಆಕಾರ ನೋಡಿಯೇ ನನ್ನ ಎದೆ ಧಸಕ್ಕೆಂದಿತು. ತೆರೆಸಿ ನೋಡಿದರೆ, ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗುವುದನ್ನೇ ಬಿಟ್ಟಿದ್ದವು. ಕೆಳಗಿನವು ದವಡೆಯೊಳಗೆ ಇಳಿದು ತುಟಿಯ ಕಡೆ ವಾಲಿದ್ದವು. ದೋಸೆಯನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ ಹರಿಯಲು ಅವನಿಗೆ ಆಗುತ್ತಿರಲಿಲ್ಲ. ತಂತಿ ಮಾತ್ರ ತನ್ನ ಕೆಲಸವನ್ನು ಒಂದು ದಿನವೂ ತಪ್ಪಿಸದೆ ಮಾಡಿತ್ತು.

ನಾನು ಸಿಟ್ಟಾದೆ. ಅದನ್ನು ಬಚ್ಚಿಡುವುದಿಲ್ಲ. ‘ಏಳು ತಿಂಗಳು ಎಲ್ಲಿದ್ದಿರಿ ಅಮ್ಮಾ?’ ಎಂದು ಸ್ವರ ಎತ್ತಿ ಕೇಳಿದೆ. ಆಕೆ ಉತ್ತರ ಹೇಳದೆ ಚೀಲದಿಂದ ನಮ್ಮದೇ ಕ್ಲಿನಿಕ್ಕಿನ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. ಕಾರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಅಚ್ಚಾಗಿತ್ತು: ‘ಕಂತು ಬಾಕಿ ಇದ್ದಲ್ಲಿ ಚಿಕಿತ್ಸೆ ಮುಂದುವರಿಸಲಾಗುವುದಿಲ್ಲ.’ ಜೂನ್ ಕೊನೆಯಲ್ಲಿ ಆಕೆಯ ಗಂಡ ತೋಟದ ಪಾಚಿಯ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ. ಇದ್ದಬದ್ದ ದುಡ್ಡೆಲ್ಲ ಅಲ್ಲಿಗೆ. ಕಂತು ಕಟ್ಟದೆ ಬಂದರೆ ವಾಪಸು ಕಳಿಸುತ್ತಾರೆ, ಹುಡುಗನ ಎದುರು ಅವಮಾನ. ಅಡಿಕೆ ಕೊಯ್ಲು ಆಗಲಿ, ದುಡ್ಡು ಹಿಡಿದುಕೊಂಡೇ ಹೋಗೋಣ ಎಂದು ಕಾದಿದ್ದರು. ತಂದಿದ್ದರು ಕೂಡ. ಮೂರು ಕಂತಿನ ದುಡ್ಡು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ.

ಆ ಸಾಲು ಬರೆದವನು ನಾನೇ. ಕ್ಲಿನಿಕ್ ತೆರೆದ ಹೊಸದರಲ್ಲಿ ದೊಡ್ಡ ಊರೊಂದರ ಹೋಟೆಲಿನಲ್ಲಿ ಕ್ಲಿನಿಕ್ ನಿರ್ವಹಣೆಯ ಬಗ್ಗೆ ಒಂದು ದಿನದ ತರಬೇತಿ ನಡೆದಿತ್ತು. ಶುಲ್ಕ ಕಟ್ಟಿ, ಒಳ್ಳೆಯ ಊಟ ಮಾಡಿ, ಆ ಸಾಲನ್ನು ಬರೆದುಕೊಂಡು ಬಂದಿದ್ದೆ. ಚಿಕಿತ್ಸೆ ಒಂದು, ವ್ಯವಹಾರ ಇನ್ನೊಂದು ಎಂದು ಅಲ್ಲಿ ಹೇಳಿಕೊಟ್ಟಿದ್ದರು. ನನ್ನ ಕುರ್ಚಿಯಲ್ಲಿ ಮಲಗಿದ್ದ ಹುಡುಗನ ಬಾಯಲ್ಲಿ ಎರಡೂ ಒಂದೇ ಆಗಿದ್ದವು: ತೆರೆದ ಆ ಸಂದಿಯಲ್ಲಿ ಅರ್ಧ ನನ್ನ ತಂತಿಯ ಕೆಲಸ, ಅರ್ಧ ನನ್ನ ಕಾರ್ಡಿನ ಕೆಲಸ. ತಂತಿ ತೆಗೆದೆ. ಮೂರು ಕಂತನ್ನೂ ಹಿಂದಿರುಗಿಸಿ, ಮುಗಿದ ಮೇಲೆ ನೋಡೋಣ ಎಂದೆ. ಕೆಡಿಸಿದ್ದನ್ನು ಸರಿಮಾಡಲು ಒಂಬತ್ತು ತಿಂಗಳು ಹಿಡಿಯಿತು. ಉಳಿದಿದ್ದ ಕಾರ್ಡುಗಳನ್ನು ಸಹಾಯಕಿ ಹಿಂಬದಿಯಲ್ಲಿ ಲೆಕ್ಕ ಬರೆಯಲು ಬಳಸಿ ಮುಗಿಸಿದರು.

ಅಲ್ಲಿಂದ ಮುಂದೆ ನನ್ನ ಕೆಲಸದ ಕ್ರಮವೇ ಬದಲಾಯಿತು. ಪ್ರತಿ ಸಲ ತಂತಿ ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇವರು ಆರು ತಿಂಗಳು ಬರದಿದ್ದರೆ ಈ ಬಾಯಲ್ಲಿ ಏನಾಗುತ್ತದೆ? ಮಳೆಗಾಲದ ಮೊದಲು ಉಲ್ಟಾ ಕಮಾನಿನ ತಂತಿ ಇಲ್ಲ. ಸಾಲು ಸರಿಹೋದ ಮೇಲೆ ದಪ್ಪನೆಯ ಉಕ್ಕಿನ ತಂತಿ ಹಾಕಿ, ತುದಿಗಳನ್ನು ಮಡಚಿ, ಹಲ್ಲುಗಳನ್ನೆಲ್ಲ ಸಣ್ಣ ತಂತಿಯಿಂದ ಒಟ್ಟಿಗೆ ಬಿಗಿದು ಕಳಿಸುತ್ತೇನೆ. ಮುಂದೆ ಹೋಗದಿದ್ದರೂ ಕೆಡುವುದಿಲ್ಲ. ಹಲ್ಲು ಕಿತ್ತ ಜಾಗ ಮುಚ್ಚಬೇಕಾದರೆ ಸ್ಪ್ರಿಂಗಿನ ಬದಲು ರಬ್ಬರಿನ ಸರ. ಸ್ಪ್ರಿಂಗು ಸುಸ್ತಾಗುವುದಿಲ್ಲ, ರಬ್ಬರು ಮೊದಲ ಒಂದೆರಡು ದಿನದಲ್ಲೇ ಅರ್ಧದಷ್ಟು ಬಲ ಕಳೆದುಕೊಂಡು, ಕೆಲವು ವಾರದಲ್ಲಿ ಸುಮ್ಮನಾಗುತ್ತದೆ. ಕಾಲೇಜಿನಲ್ಲಿ ಅದನ್ನು ರಬ್ಬರಿನ ದೋಷ ಎಂದು ಕಲಿತಿದ್ದೆವು. ಜುಲೈ ತಿಂಗಳಿಗೆ ನನಗೆ ಅದೇ ಬೇಕು.

ನಮ್ಮ ಸಹಾಯಕಿ ಇದಕ್ಕೆ ‘ಕೊಟ್ಟೆ ತಂತಿ’ ಎಂದು ಹೆಸರಿಟ್ಟಿದ್ದಾರೆ. ಮಳೆ ಹಿಡಿಯುವ ಮೊದಲು ಕೊಳೆರೋಗ ತಾಗದಂತೆ ಅಡಿಕೆ ಕೊನೆಗೆ, ಎಂದರೆ ಗೊನೆಗೆ, ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಾರಲ್ಲ, ಹಾಗೆ. ನೋಂದಣಿ ಪುಸ್ತಕದಲ್ಲಿ ಜೂನ್ ತಿಂಗಳ ಹೆಸರುಗಳ ಪಕ್ಕದಲ್ಲಿ ಅವರು ‘ಕೊಟ್ಟೆ ಆಯಿತು’ ಎಂದು ಬರೆದಿಡುತ್ತಾರೆ. ಹೊರಗಿನ ಡಾಕ್ಟರು ಯಾರಾದರೂ ಓದಿದರೆ ಇದು ದಂತ ಚಿಕಿತ್ಸಾಲಯವೋ ತೋಟವೋ ಎಂದುಕೊಳ್ಳಬೇಕು.

2020ರಲ್ಲಿ ಮಾರ್ಚ್ ಮೊದಲ ಭಾಗದಲ್ಲಿ ಜಾತ್ರೆ ಮುಗಿಯಿತು, ತಿಂಗಳ ಕೊನೆಗೆ ಲಾಕ್‌ಡೌನ್ ಬಂತು. ಆ ಜಾತ್ರೆಗೆ ಎಂದು ಹಾಕಿಸಿಕೊಂಡವರೂ ತೆಗೆಸಿಕೊಳ್ಳಬೇಕಾದವರೂ ಮನೆಯಲ್ಲೇ ಉಳಿದರು. ಕೆನ್ನೆಗೆ ಚುಚ್ಚುವ ತಂತಿಯ ತುದಿಯ ಚಿತ್ರಗಳು ಮೊಬೈಲಿಗೆ ಬರುತ್ತಿದ್ದವು. ಅರ್ಧಕ್ಕರ್ಧ ಮಸುಕು, ಕೆಲವು ಬರಿಯ ಮೂಗಿನ ಚಿತ್ರ. ಮೇಣ ಇಲ್ಲದವರಿಗೆ ಶುದ್ಧ ಹತ್ತಿ ಇಡಲು ಹೇಳಿದೆ. ಯಲ್ಲಾಪುರ ಕಡೆಯ ಒಬ್ಬ ಅಪ್ಪನಿಗೆ, ಉಗುರು ಕತ್ತರಿಯನ್ನು ಕುದಿಸಿ, ಬಾಯಲ್ಲಿ ಬಟ್ಟೆ ಇಟ್ಟು, ತಂತಿಯ ತುದಿ ಕತ್ತರಿಸುವುದನ್ನು ಫೋನಿನಲ್ಲೇ ಹೇಳಿಕೊಟ್ಟೆ. ಆತ ಕತ್ತರಿಸಿ, ತುಂಡನ್ನು ಬೆರಳ ತುದಿಯಲ್ಲಿಟ್ಟು ಚಿತ್ರ ಕಳಿಸಿದರು. ಮುಳ್ಳು ತೆಗೆದವರ ಹೆಮ್ಮೆ ಅದರಲ್ಲಿತ್ತು.

ಈಗ ಪುಸ್ತಕದ ಮಾತು. ಹುಲೇಕಲ್ ಕಡೆಯಿಂದ ಬರುವ ನಮ್ಮ ಸಹಾಯಕಿಯನ್ನು ರೋಗಿಗಳೆಲ್ಲ ಅಕ್ಕ ಎನ್ನುತ್ತಾರೆ, ಅವರಿಗಿಂತ ಹಿರಿಯರು ಕೂಡ. ಹಿಂದೊಮ್ಮೆ ನಾನು ದುಡ್ಡು ಕೊಟ್ಟು ಒಂದು ತಂತ್ರಾಂಶ ತರಿಸಿದ್ದೆ. ಬರುವ ದಿನದ ಹಿಂದಿನ ಸಂಜೆ ಅದು ತಾನಾಗಿ ಸಂದೇಶ ಕಳಿಸುತ್ತಿತ್ತು, ಇಂಗ್ಲಿಷಿನಲ್ಲಿ, ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಗನ ನಂಬರಿಗೆ. ಹಳ್ಳಿಯ ಮನೆಯಲ್ಲಿ ಸಿಗ್ನಲ್ ಸಿಗುವುದು ಹಿತ್ತಲಿನ ಒಂದು ಕಲ್ಲಿನ ಮೇಲೆ ನಿಂತರೆ ಮಾತ್ರ. ವರ್ಷದೊಳಗೆ ನಾವು ಉದ್ದನೆಯ ಲೆಕ್ಕದ ಪುಸ್ತಕಕ್ಕೆ ಮರಳಿದೆವು. ಅಕ್ಕ ಅದರಲ್ಲಿ ತಾರೀಖಿನ ಜೊತೆಗೆ ಊರು, ಬಸ್ಸು, ಮನೆಯಲ್ಲಿ ತೋಟವೋ ನೌಕರಿಯೋ, ಪರೀಕ್ಷೆ ಯಾವಾಗ, ಯಾರ ಜೊತೆ ಬರುತ್ತಾರೆ ಎಂಬುದನ್ನೆಲ್ಲ ಬರೆಯುತ್ತಾರೆ. ಒಂದೇ ಬಸ್ಸಿನಲ್ಲಿ ಬರುವ ನಾಲ್ಕು ಮಕ್ಕಳನ್ನು ಒಂದೇ ದಿನಕ್ಕೆ ಹಾಕುತ್ತಾರೆ. ಒಬ್ಬ ತಾಯಿ ನಾಲ್ವರನ್ನೂ ಕರೆತಂದರೆ ಮೂವರ ಕೂಲಿ ಉಳಿಯುತ್ತದೆ. ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಏಳಕ್ಕೇ ಕರೆ ಬರುತ್ತದೆ: ‘ಇವತ್ತು ಕೊನೆಗೌಡ ಬಂದುಬಿಟ್ಟ, ನಾವು ಬರುವುದಿಲ್ಲ.’ ಮೊದಲು ನನಗೆ ರೇಗುತ್ತಿತ್ತು. ಮರ ಹತ್ತಿ ಕೊನೆ ಇಳಿಸುವವನು ಸಿಗುವುದು ಎಷ್ಟು ಕಷ್ಟ ಎಂದು ತಿಳಿದ ಮೇಲೆ, ನನ್ನ ಅಪಾಯಿಂಟ್‌ಮೆಂಟ್ ಅವನ ಅಪಾಯಿಂಟ್‌ಮೆಂಟಿನ ಮುಂದೆ ನಿಲ್ಲುವುದಿಲ್ಲ ಎಂದು ಒಪ್ಪಿಕೊಂಡಿದ್ದೇನೆ.

ದುಡ್ಡಿನ ಮಾತನ್ನು ನಾನು ಕುರ್ಚಿಯ ಹತ್ತಿರ ಆಡುವುದಿಲ್ಲ. ಮಗು ಬಾಯಿ ತೆರೆದು ಮಲಗಿರುವಾಗ ಅಪ್ಪನ ಹತ್ತಿರ ಬಾಕಿ ಕೇಳುವುದಕ್ಕಿಂತ ಹೀನ ಕೆಲಸ ನಮ್ಮ ವೃತ್ತಿಯಲ್ಲಿ ಇಲ್ಲ ಎಂಬುದು ನನ್ನ ಅಭಿಪ್ರಾಯ. ಕಂತಿನ ಲೆಕ್ಕ ಅಕ್ಕನದು, ಮತ್ತು ಅದು ತಿಂಗಳ ಲೆಕ್ಕವೇ ಅಲ್ಲ. ತೋಟದವರು ಅಡಿಕೆ ಮಾರಿದ ಮೇಲೆ ವರ್ಷಕ್ಕೆರಡು ಸಲ ಕಟ್ಟುತ್ತಾರೆ. ಮಾಸ್ತರರು, ಬ್ಯಾಂಕಿನವರು ತಿಂಗಳು ತಿಂಗಳು. ಕೂಲಿಗೆ ಹೋಗುವ ಒಬ್ಬ ತಾಯಿ ವಾರದ ಸಂತೆಯ ದಿನ ಬಂದು ಇನ್ನೂರೋ ಮುನ್ನೂರೋ ಕೊಟ್ಟು ಹೋಗುತ್ತಾಳೆ, ಮಗಳಿಲ್ಲದ ದಿನವೂ. ಯಾರೂ ಮೋಸ ಮಾಡಲಿಲ್ಲವೇ ಎಂದರೆ, ಮಾಡಿದ್ದಾರೆ. ಒಬ್ಬರು ಕಾರಿನಲ್ಲಿ ಬರುತ್ತಿದ್ದವರು.

ಹಲ್ಲು ಕೀಳುವ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮನೆಗಳಲ್ಲಿ ಜಗಳವಾಗುವುದು ಇದಕ್ಕೇ. ದವಡೆ ಚಿಕ್ಕದು, ಹಲ್ಲು ದೊಡ್ಡವು, ಇಲ್ಲವೇ ಮೇಲಿನ ಸಾಲು ತುಟಿ ಮುಚ್ಚದಷ್ಟು ಮುಂದೆ ಬಂದಿದೆ ಎಂದಾಗ ಕೆಲವರಿಗೆ ಕೋರೆಹಲ್ಲಿನ ಹಿಂದಿನ ಒಂದೊಂದು ಹಲ್ಲನ್ನು, ಒಟ್ಟು ನಾಲ್ಕನ್ನು, ತೆಗೆಸಬೇಕಾಗುತ್ತದೆ. ಹುಳುಕಿಲ್ಲ, ನೋವಿಲ್ಲ, ಗಟ್ಟಿ ಹಲ್ಲು. ಸಾಲ್ಕಣಿ ಕಡೆಯ ಅಜ್ಜ ಒಬ್ಬರು ಮೊಮ್ಮಗಳ ಜೊತೆ ಬಂದವರು ಕವಳದ ಸಂಚಿಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು: ‘ನನಗೆ ಇರುವುದೇ ಹನ್ನೊಂದು ಹಲ್ಲು. ಇವಳಿಗೆ ಇರುವ ಒಳ್ಳೆಯದನ್ನೇ ಕೀಳುತ್ತೇನೆ ಎನ್ನುತ್ತೀರಲ್ಲ ಡಾಕ್ಟರೇ?’

ಈ ಪ್ರಶ್ನೆ ಅಜ್ಜನದಷ್ಟೇ ಅಲ್ಲ. ನಮ್ಮ ಶಾಸ್ತ್ರದ ಹಿರಿಯ ಎಡ್ವರ್ಡ್ ಆಂಗಲ್ ಅವರದ್ದೂ ಇದೇ. ಮೇಲಿನ ಮತ್ತು ಕೆಳಗಿನ ಮೊದಲ ದವಡೆ ಹಲ್ಲುಗಳು ಹೇಗೆ ಕೂಡುತ್ತವೆ ಎಂಬುದನ್ನು ಹಿಡಿದು 1899ರಲ್ಲಿ ಅವರು ಮಾಡಿದ ಮೂರು ವರ್ಗಗಳನ್ನೇ ನಾನು ಇವತ್ತೂ ಮೊದಲ ದಿನದ ಹಾಳೆಯಲ್ಲಿ ಬರೆಯುತ್ತೇನೆ. ಪ್ರಕೃತಿ ಕೊಟ್ಟ ಹಲ್ಲೆಲ್ಲ ಬಾಯಲ್ಲಿ ಇರಲೇಬೇಕು ಎಂಬುದು ಅವರ ಹಟ. ಅವರ ಕಾಲದವರೇ ಆದ ಕಾಲ್ವಿನ್ ಕೇಸ್ ಎಂಬ ದಂತವೈದ್ಯರು ಒಪ್ಪಲಿಲ್ಲ. 1911ರಲ್ಲಿ ಅಮೆರಿಕದ ದಂತವೈದ್ಯರ ಸಭೆಯಲ್ಲಿ ಇದೇ ವಿಷಯಕ್ಕೆ ದೊಡ್ಡ ವಾಗ್ವಾದವಾಯಿತು. ಕೊನೆಗೆ ಆಂಗಲ್ ಅವರ ಶಿಷ್ಯ ಚಾರ್ಲ್ಸ್ ಟ್ವೀಡ್, ಗುರು ಹೇಳಿದಂತೆ ಹಲ್ಲು ಕೀಳದೆ ಮುಗಿಸಿದ್ದ ತನ್ನದೇ ರೋಗಿಗಳ ಹಲ್ಲುಗಳು ಮತ್ತೆ ಮುಂದೆ ಬಂದದ್ದನ್ನು ಕಂಡು, ಅವರನ್ನು ಕರೆದು ನಾಲ್ಕು ಹಲ್ಲು ತೆಗೆಸಿ ಮತ್ತೆ ಚಿಕಿತ್ಸೆ ಮಾಡಿ ತೋರಿಸಿದರು. ನನಗೆ ಈ ಇಡೀ ಚರಿತ್ರೆಯಲ್ಲಿ ಇಷ್ಟವಾಗುವುದು ಅದೊಂದೇ: ತನ್ನ ಕೆಲಸ ಕೆಟ್ಟಿದೆ ಎಂದು ರೋಗಿಯನ್ನು ತಾನೇ ಕರೆದದ್ದು.

ಅಜ್ಜನಿಗೆ ನಾನು ಇದೆಲ್ಲ ಹೇಳಲಿಲ್ಲ. ಜಾಣತನ ಮಾಡಿದೆ. ‘ಅಜ್ಜ, ನೀವು ಅಡಿಕೆ ಸಸಿಯನ್ನು ಒಂಬತ್ತು ಅಡಿಗೆ ಒಂದರಂತೆ ನೆಡುತ್ತೀರಿ. ನಾಲ್ಕಡಿಗೇ ನೆಟ್ಟರೆ ಏನಾಗುತ್ತದೆ?’ ಎಂದೆ. ಅಜ್ಜ ನಕ್ಕರು. ‘ಬಿಸಿಲಿಗೆ ಸೊಟ್ಟ ಹೋಗುತ್ತವೆ. ಒಂದನ್ನು ತೆಗೆಯುತ್ತೇನೆ. ಆದರೆ ತೆಗೆದದ್ದನ್ನು ಬೇರೆ ಕಡೆ ನೆಡುತ್ತೇನೆ. ನೀವು ನೆಡುತ್ತೀರೋ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಮತ್ತೆ ಕೂತು ಎಕ್ಸ್‌ರೇ ಚಿತ್ರದ ಮೇಲೆ ಗೆರೆ ಎಳೆದು, ಹಲ್ಲು ಕೀಳದಿದ್ದರೆ ಎಷ್ಟು ಮಿಲಿಮೀಟರ್ ಜಾಗ ಸಾಲದು, ಒತ್ತಾಯದಿಂದ ಸಾಲು ಅಗಲ ಮಾಡಿದರೆ ಬೇರು ಎಲುಬಿನ ಅಂಚಿಗೆ ಹೇಗೆ ಬರುತ್ತದೆ ಎಂದು ತೋರಿಸಿದೆ. ಅಜ್ಜ ಕನ್ನಡಕ ಹಾಕಿಕೊಂಡು ಎಲ್ಲ ನೋಡಿ, ಒಂದು ವಾರ ಬಿಟ್ಟು ಹೇಳುತ್ತೇನೆ ಎಂದರು. ಅಳತೆಗಳನ್ನು ಮತ್ತೊಮ್ಮೆ ತೆಗೆದು ನೋಡಲು ಆ ವಾರ ನನಗೂ ಬೇಕಿತ್ತು, ಸುಳ್ಳೇಕೆ. ಮೇಲಿನ ಎರಡನ್ನು ಮಾತ್ರ ತೆಗೆದರೆ ಸಾಕು ಎಂಬ ತೀರ್ಮಾನಕ್ಕೆ ಬಂದೆ. ಅಜ್ಜ ಒಪ್ಪಿದರು. ಚೌಕಾಸಿಯಲ್ಲಿ ಗೆದ್ದೆ ಎಂದೇ ಅವರು ಇವತ್ತಿಗೂ ನಂಬಿದ್ದಾರೆ. ಪೂರ್ತಿ ಸುಳ್ಳೂ ಅಲ್ಲ.

ಕ್ಲಿಪ್ ಕಳಚಿ ಬೀಳುವುದು ಎಲ್ಲ ಕಡೆಯೂ ಇದ್ದದ್ದೇ. 1955ರಲ್ಲಿ ಮೈಕೆಲ್ ಬ್ಯೂನೊಕೋರ್ ಫಾಸ್ಫಾರಿಕ್ ಆಮ್ಲದಿಂದ ಹಲ್ಲಿನ ಮೇಲ್ಮೈಯನ್ನು ಒರಟು ಮಾಡಿ ಅಂಟಿಸುವ ದಾರಿ ತೋರಿಸಿದರು, ಅದರಿಂದಲೇ ಪ್ರತಿ ಹಲ್ಲಿಗೂ ಬಳೆ ತೊಡಿಸುವುದು ತಪ್ಪಿತು. ಈಗ ಬಳಸುವುದು ಶೇಕಡಾ 37ರ ಆಮ್ಲ, ಅರ್ಧ ನಿಮಿಷದೊಳಗೆ ತೊಳೆದು ಒಣಗಿಸಿದರೆ ಹಲ್ಲು ಸುಣ್ಣದ ಹಾಗೆ ಬೆಳ್ಳಗಾಗುತ್ತದೆ, ಅದರ ಮೇಲೆ ಅಂಟು, ಅದರ ಮೇಲೆ ನೀಲಿ ಬೆಳಕು. ಒಣಗಿರಬೇಕು ಎಂಬುದೇ ಇದರ ಮಂತ್ರ. ನನ್ನಲ್ಲಿ ಜುಲೈ ಆಗಸ್ಟ್‌ನಲ್ಲಿ ಅಂಟಿಸಿದವು ಬೇರೆ ತಿಂಗಳಿನವಕ್ಕಿಂತ ಹೆಚ್ಚು ಬೀಳುತ್ತಿದ್ದವು. ಮಕ್ಕಳನ್ನು ಬೈದೆ. ಅಪ್ಪೆಮಿಡಿಯನ್ನು ಮುಂದಿನ ಹಲ್ಲಲ್ಲಿ ಕಚ್ಚಿದ್ದೀರಿ, ಚಕ್ಕುಲಿ ತಿಂದಿದ್ದೀರಿ, ಕಬ್ಬು ಸಿಗಿದಿದ್ದೀರಿ ಎಂದೆ. ಜುಲೈಯಲ್ಲಿ ಕಬ್ಬು ಎಲ್ಲಿಂದ ಬರಬೇಕು ಎಂದು ಒಬ್ಬಳು ಕೇಳಿದಳು. ಕೊನೆಗೆ ಒಂದು ದಿನ ಗಾಳಿಯ ಕೊಳವೆಯನ್ನು ಕನ್ನಡಿಯ ಮೇಲೆ ಹಿಡಿದು ಒತ್ತಿದೆ. ಕನ್ನಡಿ ಮಂಜಾಯಿತು. ಶಿರಸಿಯ ಮಳೆಗಾಲದ ಗಾಳಿಯನ್ನು ಕಂಪ್ರೆಸರ್ ಹಿಂಡಿ ತೊಟ್ಟಿಯಲ್ಲಿ ತುಂಬುವಾಗ ಅದರೊಳಗಿನ ನೀರೆಲ್ಲ ತಳದಲ್ಲಿ ನಿಲ್ಲುತ್ತಿತ್ತು. ನಾನು ಹಲ್ಲು ‘ಒಣಗಿಸು’ತ್ತಿದ್ದುದು ಆ ನೀರಿನಿಂದ. ತಳದ ತಿರುಪು ಬಿಚ್ಚಿದರೆ ತಂಬಿಗೆಯಷ್ಟು ಕಂದು ನೀರು ಇಳಿಯಿತು. ಈಗ ದಿನಾ ಸಂಜೆ ಬಾಗಿಲು ಹಾಕುವ ಮೊದಲು ಅದನ್ನು ಬಿಚ್ಚಿ ಖಾಲಿ ಮಾಡುತ್ತೇವೆ, ದಾರಿಯಲ್ಲಿ ತೇವ ಹಿಡಿಯುವ ಸೋಸಕವೂ ಇದೆ. ಬೈಸಿಕೊಂಡ ಮಕ್ಕಳಲ್ಲಿ ಕೆಲವರ ಕ್ಷಮೆ ಕೇಳಿದೆ. ಅಪ್ಪೆಮಿಡಿಯ ಮೇಲಿನ ಆರೋಪವನ್ನು ಮಾತ್ರ ಹಿಂತೆಗೆದುಕೊಂಡಿಲ್ಲ.

ಬೆಂಗಳೂರಿನಿಂದ ಮನೆಗೆ ಬಂದು ಕೂತು ಕೆಲಸ ಮಾಡುವ ಹುಡುಗ ಹುಡುಗಿಯರು ಈಗ ತಂತಿಯ ಬದಲು ಹಲ್ಲಿನ ಸಾಲಿಗೆ ತೊಡಿಸುವ ಪಾರದರ್ಶಕ ಪ್ಲಾಸ್ಟಿಕ್ ಕವಚ, ಅಲೈನರ್, ಕೇಳುತ್ತಾರೆ. ಮಳೆಗಾಲಕ್ಕೆ ಅದು ಹೇಳಿ ಮಾಡಿಸಿದ್ದು. ನಾಲ್ಕೈದು ಜೊತೆ ಒಟ್ಟಿಗೆ ಕೊಟ್ಟುಬಿಡಬಹುದು, ತಾನಾಗಿ ಅತಿಯಾಗಿ ಎಳೆಯುವ ಭಯವಿಲ್ಲ. ದಿನಕ್ಕೆ ಇಪ್ಪತ್ತು ಗಂಟೆಗೂ ಮೇಲೆ ಹಾಕಿಕೊಂಡಿರಬೇಕು, ಬೆಲೆ ಹೆಚ್ಚು, ಎಲ್ಲ ಬಗೆಯ ಸೊಟ್ಟಕ್ಕೂ ಅದು ಸಾಲದು. ವೈದ್ಯರು ಬಾಯಿ ನೋಡದೆ ಅಂಚೆಯಲ್ಲಿ ಬರುವ ಅಲೈನರ್ ಬಗ್ಗೆ ಯಾರಾದರೂ ಕೇಳಿದರೆ ನಾನು ಎದ್ದು ನಿಂತೇ ಬೇಡ ಎನ್ನುತ್ತೇನೆ.

ಹದಿನೈದು ದಿನಕ್ಕೊಮ್ಮೆ ಕಾರವಾರಕ್ಕೆ ಹೋಗುತ್ತೇನೆ, ಸ್ನೇಹಿತರ ಕ್ಲಿನಿಕ್ಕಿಗೆ. ಘಟ್ಟ ಇಳಿದರೆ ಕಾಲದ ಲೆಕ್ಕವೇ ಬೇರೆ. ಜೂನ್ ಮತ್ತು ಜುಲೈ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ; ಮೀನುಗಾರರ ಮನೆಯಲ್ಲಿ ಆಗ ಬಿಡುವೇ ಬಿಡುವು, ದುಡ್ಡಿಲ್ಲ. ಅವರು ತಪ್ಪದೆ ಬರುವುದು ಆಗಲೇ. ಕೊಂಕಣಿಯಲ್ಲಿ ಮಾತಾಡುತ್ತಾರೆ, ನಾನು ಕನ್ನಡದಲ್ಲಿ ಉತ್ತರಿಸುತ್ತೇನೆ, ಹಲ್ಲಿಗೆ ಎರಡೂ ಅರ್ಥವಾಗುತ್ತವೆ. ನೌಕಾನೆಲೆ ಮತ್ತು ಕೈಗಾದ ಮನೆಗಳದ್ದು ಇನ್ನೊಂದು ಬಗೆ. ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆ, ವರ್ಗಾವಣೆ ಯಾವಾಗ ಬರುತ್ತದೆಂದು ಗೊತ್ತಿಲ್ಲ. ಅರ್ಧ ಚಿಕಿತ್ಸೆ ಬಾಯಲ್ಲಿಟ್ಟುಕೊಂಡು ಮಕ್ಕಳು ಬರುತ್ತಾರೆ, ಅರ್ಧ ಬಾಯಲ್ಲಿಟ್ಟುಕೊಂಡು ಹೋಗುತ್ತಾರೆ. ವಿಶಾಖಪಟ್ಟಣದಿಂದ ಬಂದ ಒಬ್ಬ ಹುಡುಗಿಯ ಬಳಿ ಹಿಂದಿನ ಡಾಕ್ಟರ ಚೀಟಿ ಇರಲಿಲ್ಲ. ಹಲ್ಲಿಗೆ ಅಂಟಿಸುವ ಬ್ರ್ಯಾಕೆಟ್ಟಿನಲ್ಲಿ ತಂತಿ ಕೂರುವ ಸೀಳಿಗೆ ಎರಡು ಅಳತೆ ಚಾಲ್ತಿಯಲ್ಲಿವೆ, 0.018 ಅಂಗುಲ ಮತ್ತು 0.022 ಅಂಗುಲ, ಕಣ್ಣಿಗೆ ಎರಡೂ ಒಂದೇ. ನನ್ನ ಡಬ್ಬದ 0.019 ಅಂಗುಲದ ಚಪ್ಪಟೆ ತಂತಿಯ ತುಂಡನ್ನು ಹಿಡಿದು ನೋಡಿದೆ, ಒಳಗೆ ಇಳಿಯಲಿಲ್ಲ. 0.018ರ ಗುಂಡು ತಂತಿ ಬಿಗಿಯಾಗಿ ಕೂತಿತು. ಹೀಗೆ ಬೀಗಕ್ಕೆ ಕೀಲಿ ಹುಡುಕಿದಂತೆ ಅಳತೆ ಕಂಡುಕೊಂಡು, ಅವಳಿಗಾಗಿಯೇ ಬೇರೆ ಡಬ್ಬ ತರಿಸಿದೆ.

ಅಂದಿನಿಂದ ನಾನು ಕಳಿಸುವ ಮಕ್ಕಳ ಕೈಯಲ್ಲಿ ಒಂದು ಪುಟ ಕೊಡುತ್ತೇನೆ. ಸೀಳಿನ ಅಳತೆ, ಈಗಿರುವ ತಂತಿ, ತೆಗೆಸಿದ ಹಲ್ಲು, ಎಷ್ಟು ಕೆಲಸಕ್ಕೆ ಎಷ್ಟು ದುಡ್ಡು ಪಡೆದಿದ್ದೇನೆ, ಉಳಿದದ್ದು ಹಿಂದಿರುಗಿಸಿದ್ದೇನೆ ಎಂಬುದು. ಕೊನೆಯಲ್ಲಿ ಎರಡು ಸಾಲು: ಮುಂದೆ ಏನು ಮಾಡಬೇಕೆಂದಿದ್ದೆ, ಯಾಕೆ. ಅಳತೆಗಳನ್ನು ಮುಂದಿನವರು ಹೇಗೋ ಕಂಡುಹಿಡಿದಾರು, ನನ್ನ ತಲೆಯೊಳಗಿದ್ದುದನ್ನು ಹೇಗೆ ಕಂಡುಹಿಡಿಯಬೇಕು?

2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಮುಂದಿನ ತಿಂಗಳ 7ರಂದು ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಗುಡ್ಡದ ಮಣ್ಣಿನಡಿ ಜೀವಗಳು ಹೋದ ಆ ದಿನಗಳಲ್ಲಿ ನನ್ನ ತಂತಿಗಳ ಲೆಕ್ಕ ಹೇಳಲು ನಾಚಿಕೆಯಾಗುತ್ತದೆ. ಕಾರವಾರಕ್ಕೆ ಹಲವು ವಾರ ಹೋಗಲಿಲ್ಲ. ಮತ್ತೆ ಹೋದಾಗ ಜೂನ್‌ನಲ್ಲಿ ಬಿಗಿದು ಬಿಟ್ಟ ಬಾಯಿಗಳು ಬಿಟ್ಟ ಹಾಗೇ ಇದ್ದವು.

ಕ್ಲಿಪ್ ತೆಗೆದ ದಿನ ಚಿಕಿತ್ಸೆ ಮುಗಿಯಿತು ಎಂದು ಎಲ್ಲರೂ ಸಿಹಿ ತರುತ್ತಾರೆ. ಕಳೆದ ಸಲ ಬಂದದ್ದು ತೊಡೆದೇವು. ನಾನು ತಿಂದು, ಆಮೇಲೆ ಕೆಟ್ಟ ಸುದ್ದಿ ಹೇಳುತ್ತೇನೆ: ಇನ್ನು ರಿಟೇನರ್, ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ಸಾಧನ. ಒಸಡಿನ ನಾರುಗಳು ಹೊಸ ಜಾಗಕ್ಕೆ ಹೊಂದಿಕೊಳ್ಳಲು ತಿಂಗಳುಗಟ್ಟಲೆ ಬೇಕು, ಅದಾದ ಮೇಲೂ ಹಲ್ಲು ಹಳೆಯ ಜಾಗವನ್ನು ಮರೆತಿರುವುದಿಲ್ಲ. ಅಂಗುಳಿಗೆ ಕೂರುವ ಗುಲಾಬಿ ಬಣ್ಣದ ಅಕ್ರಿಲಿಕ್ ತಟ್ಟೆ, ಮುಂದೆ ಒಂದು ತಂತಿ. ಚಾರ್ಲ್ಸ್ ಹಾಲಿ ಎಂಬವರು ನೂರು ವರ್ಷದ ಹಿಂದೆ ಮಾಡಿದ ವಿನ್ಯಾಸವನ್ನೇ ಇಂದಿಗೂ ಬಳಸುತ್ತೇವೆ. ಉಣ್ಣುವಾಗ ತೆಗೆದು ಡಬ್ಬದಲ್ಲಿಡಿ ಎಂದು ಡಬ್ಬವನ್ನೂ ಕೊಡುತ್ತೇನೆ. ಡಬ್ಬ ಮನೆಯಲ್ಲೇ ಉಳಿಯುತ್ತದೆ.

ಹೋದ ಬೇಸಿಗೆಯಲ್ಲಿ ಸೋಂದಾ ಕಡೆಯ ಒಬ್ಬ ಹುಡುಗಿ ಮದುವೆಮನೆಯ ಊಟಕ್ಕೆ ಕೂತವಳು ರಿಟೇನರ್ ತೆಗೆದು ಬಾಳೆಎಲೆಯ ಅಂಚಿಗಿಟ್ಟಳು. ಹೋಳಿಗೆಯ ಗಡಿಬಿಡಿಯಲ್ಲಿ ಮರೆತು ಎಲೆ ಮಡಚಿ ಎದ್ದಳು. ಮುನ್ನೂರು ಎಲೆ ಒಟ್ಟಿಗೆ ಗೊಬ್ಬರಗುಂಡಿಗೆ ಹೋದವು. ಮಾರನೆಯ ದಿನ ಬೆಳಿಗ್ಗೆ ಅವಳ ಅಪ್ಪ ಬಿಳಿ ಪಂಚೆ ಮಡಚಿ ಕಟ್ಟಿ ಗುಂಡಿಗಿಳಿದು, ಕೋಲಿನಲ್ಲಿ ಒಂದೊಂದೇ ಎಲೆ ಬಿಡಿಸಿ, ಮಧ್ಯಾಹ್ನದ ಹೊತ್ತಿಗೆ ಅದನ್ನು ಹುಡುಕಿದರು. ಸೋಪಿನಲ್ಲಿ ತೊಳೆದು, ಡಬ್ಬದಲ್ಲಿಟ್ಟುಕೊಂಡು, ಬಸ್ಸು ಹಿಡಿದು ಬಂದು ನನ್ನ ಮೇಜಿನ ಮೇಲಿಟ್ಟರು.

‘ಕುದಿಸಿ ಕೊಡುತ್ತೀರೋ, ನಾವೇ ಕುದಿಸಬೇಕೋ ಡಾಕ್ಟರೇ?’

ಕುದಿಸಿದರೆ ಅಕ್ರಿಲಿಕ್ ಸೊಟ್ಟಗಾಗುತ್ತದೆ, ಇನ್ನು ಬಾಯಿಗೆ ಕೂರುವುದಿಲ್ಲ, ಹೊಸ ಅಚ್ಚು ತೆಗೆಯಬೇಕು ಎಂದೆ. ಅವರು ಅದನ್ನು ಕೈಗೆತ್ತಿಕೊಂಡು ಆಚೆ ಈಚೆ ತಿರುಗಿಸಿ ನೋಡಿದರು. ಅಕ್ಕ ಆಗಲೇ ಪುಸ್ತಕ ತೆರೆದಿದ್ದರು.

‘ನಾಳೆ ಮಗಳನ್ನು ಕಳಿಸಿ. ಎಂಟೂವರೆ ಬಸ್ಸಿಗೆ ಬರಲಿ,’ ಎಂದರು. ‘ದುಡ್ಡು ಕೊಯ್ಲಿನ ಮೇಲೆ ನೋಡೋಣ.’